ಮೂವತ್ತಕ್ಕೆ ಇಪ್ಪತ್ತೇಳು

ಎರಡನೇ ಇಯತ್ತೆಗೇ ಶಾಲೆ ಬಿಟ್ಟು, ಅಲ್ಲಿಂದ ಅರವತ್ತೆಂಟನೇ ವಯಸ್ಸಿನ ತನಕ ಒಂದು ಪರೀಕ್ಷೆಯನ್ನೂ ಕಾಣದೆ ಸುಖವಾಗಿದ್ದ ಶಾರವ್ವನನ್ನು ಅವಳ ಮಗ ಕಲ್ಲೇಶ ಒಂದು ಸೋಮವಾರ ನವನಗರದ ದವಾಖಾನೆಗೆ ಕರೆದೊಯ್ದು ಪರೀಕ್ಷೆಗೆ ಕೂರಿಸಿದ. ಆಗಿದ್ದಿಷ್ಟು: ಒಂದೇ ತಿಂಗಳಲ್ಲಿ ಎರಡು ಸಲ ಆಕೆ ಗ್ಯಾಸ್ ಆರಿಸದೆ ಬಂದು ಕೂತಿದ್ದಳು. ಒಮ್ಮೆ ಸೊಸೆ ಪ್ರಿಯದರ್ಶಿನಿಯನ್ನು ಸತ್ತುಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದಿದ್ದಳು. ಹೆಸರು ತಪ್ಪುವುದು ಯಾವ ಮನೆಯಲ್ಲಿಲ್ಲ ಹೇಳಿ? ಆದರೆ ಇದು ಓದಿದವರ ಮನೆ. ಮಗ ಕಚೇರಿಯಲ್ಲಿ ನೌಕರ, ಸೊಸೆ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅನುಮಾನ ಬಂದರೆ ಅಂಥವರು ಸುಮ್ಮನಿರುವುದಿಲ್ಲ, ಅಳೆದೇ ನೋಡುತ್ತಾರೆ.

ಶಾರವ್ವನಿಗೆ ಬರುತ್ತಿದ್ದುದು ಒಂದೇ ವಿದ್ಯೆ, ಕಸೂತಿ. ಇಲಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವ ಆರಿಫಾ ತಿಂಗಳಿಗೆ ಒಂದೆರಡು ಸೀರೆ ಕಳಿಸುವಳು, ಇವಳು ಸೆರಗಿಗೆ ಆನೆ, ಗೋಪುರ, ತೊಟ್ಟಿಲು ತುಂಬಿ ಕೊಡುವಳು. ಕಸೂತಿಯೆಂದರೆ ಚಿತ್ರ ಬರೆದುಕೊಂಡು ಅದರ ಮೇಲೆ ಸೂಜಿ ಓಡಿಸುವ ಕೆಲಸವಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗಿಲ್ಲ, ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಎಳೆ ಎಣಿಸುತ್ತ, ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಬೇಕು. ನಡುವೆ ಬರುವ ಕವಲುಗಳನ್ನೆಲ್ಲ ಸುತ್ತಿ, ಬಿಟ್ಟ ಜಾಗ ತುಂಬುತ್ತ ಹೋದ ಹಾದಿಯಲ್ಲೇ ಮರಳಿ, ಹೊರಟಲ್ಲಿಗೇ ಬಂದು ನಿಲ್ಲಬೇಕು. ಹಾಗೆ ಬಂದರೆ ಸೆರಗಿನ ಮುಂಬದಿ ಹಿಂಬದಿ ಎರಡೂ ಒಂದೇ ತರಹ ಕಾಣುತ್ತವೆ. ಆ ಲೆಕ್ಕವೆಲ್ಲ ಶಾರವ್ವನ ತಲೆಯಲ್ಲಿತ್ತು, ಅದನ್ನು ಲೆಕ್ಕವೆಂದು ಅವಳು ಯಾವತ್ತೂ ಕರೆದಿರಲಿಲ್ಲ.

ಡಾಕ್ಟರು ಬೇರೆ ಸೀಮೆಯ ಹುಡುಗ, ಒಳ್ಳೆಯವನೇ. “ಅಜ್ಜಿ, ಸೌತೆಕಾಯಿಗೂ ಹೀರೇಕಾಯಿಗೂ ಏನು ಸಾಮ್ಯ?” ಎಂದು ಕೇಳಿದ.

“ಎಲ್ಲಿ ಸಾಮ್ಯರಿ? ಸೌತಿಕಾಯಿ ಹಸೀದ ತಿಂತಾರ. ಹೀರಿಕಾಯಿ ಹಸೀದ ತಿಂದ್ರ ಮಂದಿ ನಗ್ತಾರ.”

ಡಾಕ್ಟರು ಏನೋ ಬರೆದುಕೊಂಡ. ಗಡಿಯಾರದ ಚಿತ್ರ ಬರೆಯಿರಿ ಎಂದ. ಪೆನ್ಸಿಲ್ಲು ಹಿಡಿದು ಅರವತ್ತು ವರ್ಷವಾಗಿತ್ತು. ಗಡಿಯಾರ ಕುಂಬಳಕಾಯಿಯಾಯಿತು, ಅಂಕಿಗಳೆಲ್ಲ ಒಂದೇ ಮಗ್ಗುಲಿಗೆ ಬಿದ್ದವು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದ. “ಯಾಕ್ರಿ ಕಳೀಬೇಕು?” ಎಂದಳು. ಕೊನೆಗೆ ಮೂವತ್ತಕ್ಕೆ ಹದಿನೇಳು ಅಂಕ ಬಂದವು. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ, ಅಲ್ಲಿಯವರೆಗೆ ಜೋಪಾನ ಎಂದು ಡಾಕ್ಟರು ಕಳಿಸಿಕೊಟ್ಟ.

ಜೋಪಾನ ಎಂಬ ಒಂದು ಮಾತಿಗೆ ಮನೆಯಲ್ಲಿ ಏನೇನು ಅರ್ಥ ಹೊರಟವೋ! ಒಲೆಯ ಹತ್ತಿರ ಹೋಗುವಂತಿಲ್ಲ. ಸೂಜಿಯನ್ನು ಹಾಸಿಗೆಯಲ್ಲಿ ಮರೆತರೆ ಗತಿಯೇನು, ಅದೂ ಬೇಡ. ಕಲ್ಲೇಶ ಆರಿಫಾಳಿಗೆ ಫೋನು ಮಾಡಿ ಸೀರೆ ಕಳಿಸುವುದನ್ನೇ ನಿಲ್ಲಿಸಿದ. “ಯವ್ವಾ, ಪಾಸಾಗು, ನಾನ ಹೋಗಿ ಸೀರಿ ತರ್ತೇನಿ,” ಎಂದ. ಶಾರವ್ವ ಕೈಕಟ್ಟಿ ಕೂತಳು. ಕೆಲಸವಿಲ್ಲದ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುವುದನ್ನು ನೋಡಿ ನೋಡಿ ಅವಳಿಗೆ ಬೇಸರ ಬಂತು. ಊಟ ರುಚಿಸಲಿಲ್ಲ, ಮಧ್ಯಾಹ್ನಗಳು ಸರಿಯಲಿಲ್ಲ. ಮರೆವಿನ ರೋಗವೋ ಅಲ್ಲವೋ ಎಂಬ ಚಿಂತೆಗಿಂತ ಸೂಜಿ ಮರಳಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯೇ ಅವಳನ್ನು ತಿಂದಿತು.

ಪರೀಕ್ಷೆಗೆ ತಯಾರು ಮಾಡುವ ಕೆಲಸ ಮೊಮ್ಮಗಳು ಮಾಯಾಳ ಪಾಲಿಗೆ ಬಂತು. ಅವಳು ವಿದ್ಯಾಗಿರಿಯ ಕಾಲೇಜಿನಲ್ಲಿ ಪಿಯುಸಿ. ಸಂಜೆ ಬಂದವಳೇ ಅಜ್ಜಿಯನ್ನು ಎದುರು ಕೂರಿಸಿಕೊಳ್ಳುವಳು.

“ಆಯಿ, ಸೌತಿಕಾಯಿ ಹೀರಿಕಾಯಿ ಎರಡೂ ಏನು?”

“ಏನು?”

“ತರಕಾರಿ!”

“ಅಯ್ಯ ನಿನ್ನ! ಅದು ಯಾರಿಗೆ ಗೊತ್ತಿಲ್ಲ? ಅಷ್ಟು ಕಲತ ಡಾಕ್ಟರಿಗೆ ಅದನ್ನ ಹೇಳಿದ್ರ ನನ್ನ ದಡ್ಡಿ ಅನ್ನೂದಿಲ್ಲೇನು?”

ಗೊತ್ತಿರುವುದನ್ನೇ ಹೇಳಬೇಕು, ಅದೂ ಉಪಯೋಗಕ್ಕೆ ಬಾರದ್ದನ್ನೇ ಆರಿಸಿ ಹೇಳಬೇಕು ಎಂಬುದು ಶಾರವ್ವನ ತಲೆಗೆ ಹತ್ತಲು ಹದಿನೈದು ದಿನ ಬೇಕಾಯಿತು. ಹತ್ತಿದ ಮೇಲೆ ಸುಲಭ. ಬಸ್ಸು, ಸೈಕಲ್ಲು? ವಾಹನ. ಬೇವು, ಬಾರೆ? ಗಿಡ. ಗಡಿಯಾರವನ್ನು ಮೇಲೆ ಕೆಳಗೆ ಎಡ ಬಲ ನಾಲ್ಕು ಅಂಕಿ ಮೊದಲು ಇಟ್ಟು ಬರೆಯುವುದು ಕಲಿತಳು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎನ್ನುವುದನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿದಳು.

ಒಂದು ದಿನ ಮಾಯಾ ಹೇಳಿದಳು: “ನಮ್ಮ ಸರ್ ಅಂದ್ರು, ಒಂದೊಂದು ತಲೆಮಾರಿಗೂ ಮಂದಿ ಶಾಣ್ಯಾ ಆಗಾಕತ್ತಾರಂತ. ನೂರು ವರ್ಷದ ಹಿಂದಿನವರಿಗೆ ಈಗಿನ ಪರೀಕ್ಷಾ ಕೊಟ್ರ ಅರ್ಧಕ್ಕರ್ಧ ಮಂದಿ ಫೇಲಂತ.”

“ಹೌದ? ಹಂಗಾರ ನಮ್ಮವ್ವ ಪೂರಾ ದಡ್ಡಿ ಇದ್ದಿರಬೇಕು. ಪಾಪ, ಆಕಿಗೆ ಯಾರೂ ಹೇಳಲೇ ಇಲ್ಲ. ಅದು ತಿಳೀದನ ಎಂಟು ಮಕ್ಕಳನ್ನ ದೊಡ್ಡವರನ್ನ ಮಾಡಿ ಹೋದ್ಲು.”

ಮಾಯಾ ನಕ್ಕಳು. ಶಾರವ್ವನೂ ನಕ್ಕಳು. ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಉಳಿಯಿತು. ಇದ್ದರೂ ಇರಬಹುದು ಅನ್ನಿಸಿತು. ಈ ಹುಡುಗಿ ಕಾಣದ್ದನ್ನೂ ಕಂಡಂತೆ ಮಾತಾಡುತ್ತಾಳೆ, ಎಕ್ಸು ವೈ ಅಂತ ಹಿಡಿದು ಇಲ್ಲದ್ದನ್ನು ಕೂಡಿಸಿ ಕಳೆಯುತ್ತಾಳೆ. ತಮ್ಮ ಕಾಲದವರಿಗೆ ಅದು ಎಲ್ಲಿ ಬರುತ್ತಿತ್ತು?

ಮೂರು ತಿಂಗಳ ಮೇಲೆ ಮತ್ತೆ ದವಾಖಾನೆ. ಈ ಸಲ ಕೇಳಿದ ವಸ್ತುಗಳು ಬೇರೆ, ಪ್ರಶ್ನೆಗಳ ಜಾತಿ ಅದೇ. ಶಾರವ್ವ ಪಟಪಟ ಹೇಳಿದಳು. ಗಡಿಯಾರ ದುಂಡಗೆ ಬಂತು. ಮೊದಲಿಗೆ ಹೇಳಿ ನೆನಪಿಟ್ಟುಕೊಳ್ಳಿ ಎಂದಿದ್ದ ಐದು ಶಬ್ದಗಳಲ್ಲಿ ಮಾತ್ರ ಎರಡು ಸಿಕ್ಕವು, ಮೂರು ಎಷ್ಟು ತಡಕಾಡಿದರೂ ಸಿಗಲಿಲ್ಲ. ಮೂವತ್ತಕ್ಕೆ ಇಪ್ಪತ್ತೇಳು. “ಈ ವಯಸ್ಸಿಗೆ ಬಹಳ ಚೆನ್ನಾಗಿದೆ,” ಎಂದ ಡಾಕ್ಟರು. ಕಲ್ಲೇಶ ದಾರಿಯಲ್ಲೇ ಪೇಡೆ ಕೊಂಡ. ವಾರದೊಳಗೆ ಇಲಕಲ್ಲಿಗೆ ಹೋಗಿ ಆರಿಫಾಳಿಂದ ಕರಿ ಚಂದ್ರಕಾಳಿ ಸೀರೆಯನ್ನೂ ತಂದ. ಮಾತಿಗೆ ತಪ್ಪುವ ಮಗನಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಶಾರವ್ವ ಕಿಟಕಿಯ ಬೆಳಕಿಗೆ ಕೂತು ಸೆರಗು ಬಿಡಿಸಿದಳು. ಕೈ ಪಳಗಲೆಂದು ಸಣ್ಣದೊಂದು ತುಳಸಿಕಟ್ಟೆ ಹಿಡಿದಳು. ಹನ್ನೊಂದು ವರ್ಷದವಳಿದ್ದಾಗ ಅವ್ವ ಮೊದಲು ಕಲಿಸಿದ್ದು ಅದು. ಕಟ್ಟೆ ಏರಿದಳು, ಗಿಡ ಏರಿದಳು, ಹೊರಳಿ ತುಂಬುತ್ತ ಬಂದಳು. ಅರ್ಧ ಬಂದಾಗ ನೋಡುತ್ತಾಳೆ, ಎಡಗಡೆಯ ಕವಲಿಗೆ ಹೋಗಿಯೇ ಇಲ್ಲ. ಬಿಚ್ಚಿದಳು. ಎರಡನೇ ಸಲ ಬಲಗಡೆಯದು ತಪ್ಪಿತು. ಮೂರನೇ ದಿನ ಸೂಜಿ ಒಂದು ಜಾಗಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದೆ ಹಾಕಲು ಹೊಲಿಗೆಯಿಲ್ಲ, ತಿರುಗಿ ಬರಲು ಹಾದಿಯಿಲ್ಲ. ಶಾರವ್ವನಿಗೆ ಹೆದರಿಕೆ ಹತ್ತಿತು. ಖರೇನೇ ಹೆದರಿಕೆ. ಕಡೆಗೆ ಅವಳು ಜೀವಮಾನದಲ್ಲಿ ಮಾಡದ್ದನ್ನು ಮಾಡಿದಳು. ಹಿಂಬದಿಯಲ್ಲಿ ದಾರವನ್ನು ಅಡ್ಡ ಹಾಯಿಸಿ, ಬಿಟ್ಟ ಜಾಗ ಮುಚ್ಚಿ, ಗಂಟು ಹಾಕಿದಳು.

ಸಂಜೆ ಎಲ್ಲರೂ ನೋಡಿದರು. “ಏನ್ ಚಂದ ಬಂದೈತ್ರಿ ಅತ್ತಿ!” ಎಂದು ಪ್ರಿಯದರ್ಶಿನಿ ಫೋಟೋ ತೆಗೆದು ಸ್ಟೇಟಸ್ ಇಟ್ಟಳು. ಶಾರವ್ವನ ಅವ್ವ ಕಸೂತಿಯ ಮುಖ ನೋಡುತ್ತಲೇ ಇರಲಿಲ್ಲ. ಬಟ್ಟೆ ಕೈಗೆ ಬಂದೊಡನೆ ಮಗುಚುವಳು. ಇಲ್ಲಿ ಯಾರೂ ಮಗುಚಲಿಲ್ಲ. ಕಾಯ್ದು ಕಾಯ್ದು ಅವಳೇ ಮಗುಚಿ ಮಗನ ಮುಂದೆ ಹಿಡಿದಳು.

“ಕಲ್ಲೇಶ, ಇಲ್ಲಿ ನೋಡು. ನನಗ ಹಾದಿ ತಪ್ಪಾಕತ್ತೈತಿ.”

ಅವನು ನೋಡಿದ. ಅವನಿಗೆ ಕಂಡಿದ್ದು ಬರೀ ದಾರ. “ಏನಾಗೇತಿ? ಚೊಲೋನ ಐತಲ್ಲ. ಹಿಂದಿಂದು ಯಾರು ನೋಡ್ತಾರ?”

“ಗಂಟು ಬಿದ್ದೈತೋ.”

“ಗಂಟಿದ್ರ ಗಟ್ಟಿ ನಿಲ್ತೈತ್ರಿ ಅತ್ತಿ,” ಎಂದಳು ಸೊಸೆ.

“ಯವ್ವಾ, ಇಪ್ಪತ್ತೇಳು ಬಂದಾವ ನಿನಗ. ಡಾಕ್ಟರಗಿಂತ ನಿನಗ ಹೆಚ್ಚು ತಿಳಿತೈತೇನು? ಸುಮ್ಮ ಇಲ್ಲದ್ದು ತಲಿಗೆ ಹಚಗೋಬ್ಯಾಡ,” ಎಂದು ಕಲ್ಲೇಶ ಪ್ರೀತಿಯಿಂದಲೇ ಗದರಿದ. ಒಳ್ಳೆಯ ಮಗ, ಒಳ್ಳೆಯ ಸೊಸೆ. ಇಬ್ಬರ ಮೇಲೂ ಸಿಟ್ಟು ಮಾಡುವ ಶಕ್ತಿ ಶಾರವ್ವನಲ್ಲಿ ಉಳಿದಿರಲಿಲ್ಲ.

ಭಾನುವಾರ ಮುಂಜಾನೆ ಅವಳು ಮಾಯಾಳನ್ನು ಕರೆದಳು. “ಇಲ್ಲಿ ಕುಂದರು. ಕಸೂತಿ ಕಲಸ್ತೇನಿ.”

“ನಂಗ್ಯಾಕ ಆಯಿ? ಈಗ ಮಷೀನ ಹಾಕತೈತಲ್ಲ.”

“ನಿನ್ನ ಸಲುವಾಗಿ ಅಲ್ಲವ್ವ, ನನ್ನ ಸಲುವಾಗಿ ಕಲಿ. ನಾ ತಪ್ಪಾಕತ್ತೇನಿ ಅನ್ನೂದು ಈ ಮನ್ಯಾಗ ನನ್ನ ಬಿಟ್ರ ಯಾರಿಗೂ ತಿಳಿಯೂದಿಲ್ಲ. ನಾಳೆ ನನಗೂ ತಿಳಿಯೂದು ನಿಂತ್ರ?”

ಮಾಯಾ ಫೋನು ಕೆಳಗಿಟ್ಟು ಅಜ್ಜಿಯ ಮುಖ ನೋಡಿದಳು. ಬಂದು ಪಕ್ಕದಲ್ಲಿ ಕೂತಳು. ಸೂಜಿಗೆ ದಾರ ಪೋಣಿಸಿ, ಎಲ್ಲರೂ ಮಾಡುವಂತೆ ತುದಿಗೆ ಗಂಟು ಹಾಕಲು ಹೋದಳು. ಶಾರವ್ವ ಅವಳ ಕೈ ಹಿಡಿದು, “ಗಂಟು ಬ್ಯಾಡ ತಾಯಿ,” ಎಂದಳು. ಅಷ್ಟು ಹೇಳುವುದರೊಳಗೆ ಅಳು ಬಂತು.