ಯಾರ ಹಂಗೂ ಇಲ್ಲದವರು

ನಮ್ಮ ಮಹಡಿಯ ಮೇಲಿನ ಬಾಡಿಗೆದಾರರೊಬ್ಬರನ್ನು ನಾವೆಲ್ಲ ಬೆನ್ನ ಹಿಂದೆ ‘ಸ್ವಯಂಭು’ ಎಂದು ಕರೆಯುತ್ತೇವೆ. “ನಾನಾಯ್ತು, ನನ್ನ ಪಾಡಾಯ್ತು. ನಂಗೆ ಯಾರ ಹಂಗೂ ಬೇಡ” ಎಂಬ ಮಾತನ್ನು ಯಾರಾದರೊಬ್ಬರನ್ನು ಮೆಟ್ಟಿಲ ಮೇಲೆ ತಡೆದು ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಚಪ್ಪಲಿ ಕಿತ್ತುಹೋದರೆ ತಾವೇ ಹೊಲಿದುಕೊಂಡು ವಾರವಿಡೀ ಕುಂಟುತ್ತಾರೆ. ನಲ್ಲಿ ಸೋರಿದರೆ ತಾವೇ ರಿಪೇರಿಗೆ ಇಳಿಯುತ್ತಾರೆ. ಕೆಳಗಿನ ಮನೆಯವರು ಬಕೆಟ್ ಹಿಡಿದು ಓಡಾಡುತ್ತಾರೆ. ಒಮ್ಮೆ ಅವರು ಜ್ವರದಲ್ಲಿದ್ದಾಗ ನನ್ನ ಅತ್ತಿಗೆ ಬಿಸಿನೀರು ಕೊಂಡೊಯ್ದರೆ, “ನೀವ್ಯಾಕಮ್ಮ ಬಂದ್ರಿ, ನಂಗೇನು ಕೈಕಾಲಿಲ್ವಾ?” ಎಂದು ಮಲಗಿಕೊಂಡೇ ಗದರಿದ್ದರು. ಅವರ ಕ್ಷೌರವೂ ಸ್ವಂತದ್ದೇ. ಮುಂದಿನ ಕೂದಲನ್ನೇನೋ ಕನ್ನಡಿ ನೋಡಿ ಕತ್ತರಿಸಿಕೊಳ್ಳಬಹುದು, ಆದರೆ ಹಿಂದಲೆ ಯಾವ ಸ್ವಯಂಭುವಿಗೆ ಕಂಡೀತು? ಅದಕ್ಕೇ ತಿಂಗಳಿಗೊಮ್ಮೆ ಕೆಳಗಿನ ದರ್ಜಿ ತಾತನ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು, ಮನುಷ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂದು ಭಾಷಣ ಬಿಗಿಯುತ್ತಿದ್ದರು. ತಾತ ಹೂಂಗುಟ್ಟುತ್ತಾ ಬಟ್ಟೆಯ ಕತ್ತರಿಯಿಂದಲೇ ಅವರ ಕತ್ತಿನ ಕೂದಲನ್ನು ಸಮ ಮಾಡುತ್ತಿದ್ದರು. ಇಬ್ಬರೂ ಕತ್ತರಿಯ ಮಾತೆತ್ತುತ್ತಿರಲಿಲ್ಲ. ಈಚೆಗೆ ತಾತನ ಕೈ ನಡುಗತೊಡಗಿದೆ. ಬಟ್ಟೆ ಹೊಲಿಯಲು ಕೊಡುತ್ತಿದ್ದವರೆಲ್ಲ ಬೇರೆ ಅಂಗಡಿ ಹಿಡಿದಿದ್ದಾರೆ. ಸ್ವಯಂಭುವಿನ ಹಿಂದಲೆಯೂ ಇಲಿ ಕಡಿದ ಹಾಗೆ ಕಾಣುತ್ತದೆ. ಆದರೂ ಅವರು ಹೋಗುತ್ತಾರೆ, ಈಗಂತೂ ವಾರಕ್ಕೊಮ್ಮೆ. ಮೊನ್ನೆ ತಾತ ಕತ್ತರಿ ಕೆಳಗಿಟ್ಟು, “ಪೂರ್ತಿ ಸೊಟ್ಟಗಾಗೋಯ್ತೇನೋಪ್ಪ” ಎಂದು ಅಳುಕಿದರು. ಸ್ವಯಂಭು ಕತ್ತು ಸವರಿಕೊಂಡು, ಹಿಂದೆ ತಿರುಗದೆಯೇ ಗದರಿದರು: “ಎಲ್ಲಿ ಸೊಟ್ಟ? ನಂಗಂತೂ ಏನೂ ಕಾಣಿಸ್ತಿಲ್ಲ, ತಾತ!”