ಮೀನು ಮಾರುವ ಮನೆಯ ನಾಯಿಗೆ ಪಥ್ಯ

ಬ್ರಹ್ಮಾವರದ ನಮ್ಮ ಬಾಡಿಗೆ ಮನೆಯ ಪಕ್ಕದವರು ಇವತ್ತು ಬೆಳಿಗ್ಗೆ ಕುಚ್ಚಲಕ್ಕಿಯ ಜೊತೆ ಸಿಹಿಗುಂಬಳ ಬೇಯಿಸುತ್ತಿದ್ದರು. ಒಗ್ಗರಣೆಯಿಲ್ಲ, ಕಾಯಿಯಿಲ್ಲ, ಉಪ್ಪು ಕೂಡ ಇಲ್ಲ ಎಂದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಯಾರಿಗೋ ಹೊಟ್ಟೆ ಸರಿಯಿಲ್ಲದಿರಬೇಕು, ಪಾಪ. ನಾನು ಮಾತ್ರ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಅವರ ಕಿಟಕಿಯ ಕೆಳಗೆ ನಗುತ್ತಾ ನಿಂತಿದ್ದೆ. ಕಾಯಿಲೆಯವರ ಗಂಜಿಯ ವಾಸನೆಗೆ ಇಷ್ಟು ಖುಷಿ ಪಡುವ ಮನುಷ್ಯ ಈ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ. ಅದಕ್ಕೆ ಕಾರಣ ಒಂದು ನಾಯಿ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೂತುಕೊಳ್ಳಿ.

ನಾಲ್ಕೈದು ವರ್ಷದ ಹಿಂದೆ ನಾನು ಜಲಜ ಚಿಕ್ಕಮ್ಮನ ಮನೆಯಲ್ಲಿದ್ದೆ. ಕುಂದಾಪುರದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಆಗಷ್ಟೇ ಹಾಕಿದ್ದೆ, ಊಟ ವಸತಿ ಚಿಕ್ಕಮ್ಮನದು. ಅವಳ ಮನೆ ಕಡಲ ಬದಿಯಲ್ಲಿ, ಬೈಂದೂರಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಚಿಕ್ಕಪ್ಪ ಬೋಟಿಗೆ ಹೋಗುತ್ತಿದ್ದರು. ಚಿಕ್ಕಮ್ಮ ಬೆಳಿಗ್ಗೆ ಬಂದರಿನಿಂದ ಮೀನು ತಂದು ಕೇರಿಯ ತಿರುವಿನಲ್ಲಿ ಗೋಳಿಮರದ ಬುಡದಲ್ಲಿ ಕೂರುತ್ತಿದ್ದಳು. ಅವಳ ಬುಟ್ಟಿಯ ಪಕ್ಕ ಟೈಗರ್ ಕೂರುತ್ತಿದ್ದ.

ನಮ್ಮ ಕಡೆ ನಾಯಿಗೆ ಹೆಸರಿಡುವಾಗ ಯಾರೂ ನಾಯಿಯ ಮುಖ ನೋಡುವುದಿಲ್ಲ. ಗುಡುಗಿಗೆ ಹೆದರಿ ಒರಳುಕಲ್ಲಿನ ಹಿಂದೆ ಅಡಗುವ ಕಂದು ಬಣ್ಣದ ಮರಿಗೆ ಟೈಗರ್ ಎಂದು ಹೆಸರಿಟ್ಟವರು ಚಿಕ್ಕಪ್ಪ. ಆದರೆ ಗೋಳಿಮರದ ಬುಡದಲ್ಲಿ ಅವನ ಗತ್ತೇ ಬೇರೆ. ಗಿರಾಕಿಗಳು ಬಂದ ಕೂಡಲೇ ಬುಟ್ಟಿಯಿಂದ ಒಂದು ಸಣ್ಣ ಬೈಗೆ ಮೀನನ್ನು ಎತ್ತಿ ಅವನತ್ತ ಎಸೆಯುತ್ತಿದ್ದರು. ಅವನು ಗಬಕ್ಕನೆ ನುಂಗಿದರೆ ಮೀನು ತಾಜಾ ಎಂದರ್ಥ. ಕೇರಿಯಲ್ಲಿ ಬಸ್ಸಿನ ಕೆಲಸದಿಂದ ನಿವೃತ್ತರಾದ ಒಬ್ಬರು ಕಂಡಕ್ಟರ್ ಇದ್ದರು. ಟೈಗರ್ ತಿಂದು ನಾಲಗೆ ಸವರಿಕೊಳ್ಳುವ ತನಕ ಅವರು ಚೀಲ ಬಿಡಿಸುತ್ತಲೇ ಇರಲಿಲ್ಲ. ಚಿಕ್ಕಮ್ಮನ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಅಂಥ ಟೈಗರಿಗೆ ಕೆರೆತ ಶುರುವಾಯಿತು. ಮೊದಲು ಕಿವಿ, ಆಮೇಲೆ ಹೊಟ್ಟೆ, ಆಮೇಲೆ ಕಾಲಿನ ಸಂದಿ. ಕೂದಲು ಉದುರಿ ಚರ್ಮ ಕೆಂಪಗಾಯಿತು. ಬೇವಿನೆಲೆ, ಅರಿಶಿನ, ಕೊಬ್ಬರಿ ಎಣ್ಣೆ ಎಲ್ಲ ಆಯಿತು, ಯಾವುದಕ್ಕೂ ಬಗ್ಗಲಿಲ್ಲ. ಮಳೆಗಾಲ ಬಂದದ್ದೇ ತಡ, ತಾನಾಗಿಯೇ ವಾಸಿಯಾಯಿತು! ಬೇರೆ ನಾಯಿಗಳಿಗೆ ಮಳೆಯಲ್ಲಿ ಚರ್ಮ ಕೆಡುತ್ತದೆ, ಇವನಿಗೆ ಮಳೆಯಲ್ಲಿ ಹೊಸ ಕೂದಲು. ಇದು ಮಳೆನೀರಿನ ಗುಣ ಎಂದು ಚಿಕ್ಕಮ್ಮ ತೀರ್ಮಾನಿಸಿದಳು. ನಾನೂ ಹೌದೆಂದೆ.

ಮಾರನೇ ವರ್ಷವೂ ಹಾಗೆಯೇ ಆದಾಗ ಅವಳು ಸುಮ್ಮನಿರಲಿಲ್ಲ. ಸೂರಿನಿಂದ ಬೀಳುವ ನೀರನ್ನು ದೊಡ್ಡ ನೀಲಿ ಡ್ರಮ್ಮಿನಲ್ಲಿ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ, ಮಳೆ ಮುಗಿದ ಮೇಲೂ ಉಳಿಯುವಂತೆ ಜೋಪಾನ ಮಾಡಿದಳು. ಮನೆಯವರು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನಾನೊಮ್ಮೆ ಅದರಿಂದ ಒಂದು ಚೊಂಬು ತೆಗೆದು ಕಾಲು ತೊಳೆದದ್ದಕ್ಕೆ ಅರ್ಧ ದಿನ ಬೈಸಿಕೊಂಡೆ. ಬೋಟುಗಳು ಮತ್ತೆ ಕಡಲಿಗೆ ಇಳಿದವು, ಟೈಗರ್ ಮತ್ತೆ ಕೆರೆಯತೊಡಗಿದ. ಚಿಕ್ಕಮ್ಮ ಒಂದು ಕೈಯಲ್ಲಿ ಅವನಿಗೆ ಡ್ರಮ್ಮಿನ ನೀರು ಹೊಯ್ದು ಇನ್ನೊಂದು ಕೈಯಲ್ಲಿ ಬೈಗೆ ತಿನ್ನಿಸುತ್ತಿದ್ದಳು. ವಿಷಯ ಕಣ್ಣೆದುರೇ ಇತ್ತು, ನಮಗೆ ಕಾಣಲಿಲ್ಲ.

ಗಿರಾಕಿಗಳು ಬುಟ್ಟಿಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲತೊಡಗಿದರು. ಕೆಲವರು ಬೇರೆ ಕಡೆಯಿಂದ ಮೀನು ತರತೊಡಗಿದರು. ಒಂದು ದಿನ ಊಟದ ಹೊತ್ತಿಗೆ ಚಿಕ್ಕಪ್ಪ ಬಾಯಿಬಿಟ್ಟರು.

"ಬುಟ್ಟಿ ಹತ್ರ ಹುಣ್ಣಿನ್ ನಾಯಿ ಕೂಕಂಡ್ರೆ ಯಾರ್ ಮೀನ್ ತಕಂತ್ರ್? ಕೆರಾಡಿಗೆ ಅಕ್ಕನ ಮನಿಯಂಗೆ ಬಿಟ್ಟ್ ಬಪ್ಪ."

"ಅಂವ ಬತ್ತಿಲ್ಲ ಅಂದ್ರೆ ನಾನೂ ಮೀನಿಗ್ ಹೋತಿಲ್ಲೆ," ಎಂದು ಚಿಕ್ಕಮ್ಮ ತಟ್ಟೆ ಬಿಟ್ಟು ಎದ್ದಳು.

ಮಕ್ಕಳಿಲ್ಲದ ಮನೆ ಅದು. ಟೈಗರನ್ನು ಕಳಿಸುವುದೆಂದರೆ ಅವಳಿಗೆ ಏನು ಎಂದು ಚಿಕ್ಕಪ್ಪನಿಗೂ ಗೊತ್ತಿತ್ತು, ಆದರೆ ಹೊಟ್ಟೆಪಾಡು ನಡೆಯಬೇಕಲ್ಲ.

ಆಗ ನಾನು ನನ್ನ ವಿದ್ಯೆ ತೋರಿಸಿದೆ. ಮೊಬೈಲ್ ರಿಪೇರಿ ಮಾಡುವವನಿಗೆ ಮೊಬೈಲ್ ಹೇಳಿದ್ದೆಲ್ಲ ವೇದವಾಕ್ಯ. ಅಲರ್ಜಿಯ ನಾಯಿಗಳಿಗೆ ಶುದ್ಧ ಸಾವಯವ ಆಹಾರ ಎಂದು ಬರೆದಿದ್ದ ಒಂದು ದುಬಾರಿ ಚೀಲವನ್ನು ತರಿಸಿದೆ. ಟೈಗರ್ ಅದನ್ನು ಸಂಭ್ರಮದಿಂದ ತಿಂದ, ಇನ್ನಷ್ಟು ಸಂಭ್ರಮದಿಂದ ಕೆರೆದುಕೊಂಡ. ಚಿಕ್ಕಮ್ಮ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಮಗಾ, ಇದ್ರ್ ಮೇಲೆ ಚಿತ್ರ ಇಪ್ಪುದ್ ಎಂತದ್ದ್?"

"ಸಾಲ್ಮನ್, ಚಿಕ್ಕಮ್ಮ."

"ಹಾಂಗಂದ್ರೆ?"

"ಅದೊಂದ್ ಮೀನ್."

"ಕಡಲ್ ಬದಿಯಂಗೆ ಕೂಕಂಡ್ ಮೀನ್ ಪಾರ್ಸಲ್ ತರ್ಸಿದ್ಯಾ ಮಾರಾಯಾ!"

ಚಿಕ್ಕಪ್ಪ ನಗುತ್ತಾ ನಗುತ್ತಾ ಕೆಮ್ಮಿದರು. ಮರುದಿನವೇ ಬೋಟಿನವರೆಲ್ಲ ನನ್ನನ್ನು ಸಾಲ್ಮನ್ ಎಂದು ಕರೆಯಲು ಶುರು ಮಾಡಿದರು. ಈಗಲೂ ಒಬ್ಬಿಬ್ಬರು ಕರೆಯುತ್ತಾರೆ.

ಕೆರಾಡಿಗೆ ಕಳಿಸಲು ಚಿಕ್ಕಪ್ಪ ಗೊತ್ತುಮಾಡಿದ ದಿನ ಹತ್ತಿರವಾದಾಗ ಚಿಕ್ಕಮ್ಮನೂ ನಾನೂ ಟೈಗರನ್ನು ರಿಕ್ಷಾಕ್ಕೆ ಹತ್ತಿಸಿಕೊಂಡು ಬ್ರಹ್ಮಾವರದ ಕಡೆ ಪ್ರಾಣಿಗಳ ಒಬ್ಬರು ಡಾಕ್ಟ್ರಮ್ಮನ ಹತ್ತಿರ ಹೋದೆವು. ಅವರು ಚರ್ಮ ಕೆರೆದು ನೋಡಿದರು, ಹುಳುವಿಲ್ಲ, ಕಜ್ಜಿಯಲ್ಲ, ಒಬ್ಬರಿಂದೊಬ್ಬರಿಗೆ ಅಂಟುವಂಥದ್ದಲ್ಲ ಎಂದರು. ಚಿಕ್ಕಮ್ಮ ಮಳೆನೀರಿನ ಕಥೆಯನ್ನು ಡ್ರಮ್ಮಿನ ಸಮೇತ ಹೇಳಿದಳು. ಡಾಕ್ಟ್ರಮ್ಮ ನಗಲಿಲ್ಲ. "ಮಳೆಗಾಲದಲ್ಲಿ ಇವನಿಗೆ ಊಟಕ್ಕೆ ಏನು ಹಾಕ್ತೀರಿ?" ಎಂದು ಕೇಳಿದರು.

"ಮಳಿಗಾಲದಂಗೆ ಬೋಟ್ ಬಂದ್ ಅಲ್ದಾ ಅಮ್ಮ? ನಮ್ಗೇ ಮೀನಿಲ್ಲ, ಒಣಮೀನ್ ಉಪ್ಪ್ ಅಂದೇಳಿ ಅದ್ಕ್ ಹಾಕುದಿಲ್ಲೆ. ಗಂಜಿ, ಗುಂಬ್ಳ, ಹಲ್ಸಿನ್ ಬೀಜ..." ಎನ್ನುತ್ತಿದ್ದ ಚಿಕ್ಕಮ್ಮ ಅಲ್ಲಿಗೇ ನಿಂತಳು. ಟೈಗರನ್ನು ನೋಡಿದಳು, ನನ್ನನ್ನು ನೋಡಿದಳು.

"ಅಯ್ಯೋ ದೇವ್ರೇ, ನಾನೇ ತಿನ್ಸಿದ್ದ್."

ಡಾಕ್ಟ್ರಮ್ಮ ಸಮಾಧಾನ ಹೇಳಿದರು. ಎಲ್ಲ ನಾಯಿಗಳಿಗೂ ಮೀನು ಕೆಟ್ಟದ್ದಲ್ಲ, ಮೀನು ಒಳ್ಳೆಯದಾಗುವ ನಾಯಿಗಳೇ ಹೆಚ್ಚು. ಕೆಲವಕ್ಕೆ ಕೋಳಿ ಆಗುವುದಿಲ್ಲ, ಕೆಲವಕ್ಕೆ ಹಾಲು, ಇವನಿಗೆ ಮೀನಿರಬಹುದು. ಎರಡು ತಿಂಗಳು ಮಳೆಗಾಲದ ಊಟವನ್ನೇ ಹಾಕಿ, ಅದರ ಜೊತೆ ಬೇಯಿಸಿದ ಹೆಸರುಕಾಳು, ಬೇರೇನೂ ಬಾಯಿಗೆ ಬೀಳಬಾರದು, ಆಮೇಲೆ ಒಂದೊಂದೇ ಸೇರಿಸಿ ನೋಡುವ ಎಂದರು. ನಾನು ಪೆಟ್ಟು ತಿಂದರೂ ಬುದ್ಧಿ ಬಾರದವನ ಹಾಗೆ ಸಾವಯವದ ಬಗ್ಗೆ ಕೇಳಿದೆ. "ಸಾವಯವ ಅಂದ ಕೂಡ್ಲೇ ಔಷಧ ಅಲ್ಲ. ಯಾರು ಬೆಳೆಸಿದ್ದು, ಏನು ಹಾಕಿದ್ದಾರೆ ಅಂತ ಗೊತ್ತಿದ್ರೆ ಹುಡುಕಾಟ ಸುಲಭ, ಅಷ್ಟೇ," ಎಂದರು.

ಯಾರು ಬೆಳೆಸಿದ್ದೆಂದು ಗೊತ್ತಿರುವ ಗುಂಬಳಕ್ಕೆ ನಮಗೇನು ಬರ? ಟೈಗರ್ ಕೆರಾಡಿಗೆ ಹೋಗುವ ಬದಲು ಕೆರಾಡಿಯೇ ಟೈಗರನ ಬಳಿ ಬಂತು. ಚಿಕ್ಕಪ್ಪನ ಅಕ್ಕ ಗೊಬ್ಬರದ ಗುಂಡಿಯ ಮೇಲೆ ಬೆಳೆಸಿದ, ಯಾವ ಮದ್ದೂ ಕಾಣದ ಗುಂಬಳಕಾಯಿ, ಗದ್ದೆಯ ಅಕ್ಕಿ, ಹೆಸರುಕಾಳು ಎಲ್ಲ ಬಸ್ಸಿನಲ್ಲಿ ಇಳಿಯತೊಡಗಿದವು. ಟೈಗರನ್ನು ಮನೆಯಲ್ಲೇ ಕಟ್ಟಿದೆವು. ಅವನು ಅನ್ನದ ತಟ್ಟೆಯ ಮುಂದೆ ಕೂತು ನಮ್ಮನ್ನು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ. ನಾವು ಒಳಗೆ ಮೀನು ಸಾರು ಉಣ್ಣುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆವು, ಕಳ್ಳರ ಹಾಗೆ.

ಕೆರೆತ ನಿಂತಿತು. ಕೂದಲು ಬಂತು. ನಡುವೆ ಒಮ್ಮೆ ಹಗ್ಗ ಬಿಡಿಸಿಕೊಂಡು ಪಕ್ಕದ ಮನೆ ಬೆಕ್ಕಿನ ಪಾಲಿನ ಬಂಗುಡೆಯನ್ನು ಲಪಟಾಯಿಸಿದ, ಮತ್ತೆ ಕಿವಿ ಕೆಂಪು. ಫೋನಿನಲ್ಲಿ ಹೇಳಿದಾಗ ಡಾಕ್ಟ್ರಮ್ಮನಿಗೆ ಖುಷಿಯೋ ಖುಷಿ, ನಾವು ಮಾಡಬೇಕಿದ್ದ ಪರೀಕ್ಷೆಯನ್ನು ಅವನೇ ಮಾಡಿದ್ದಾನೆ ಎಂದರು. ಅನುಮಾನ ಮುಗಿಯಿತು.

ನಿಜವಾದ ಪರೀಕ್ಷೆ ಇದ್ದದ್ದು ಗೋಳಿಮರದ ಬುಡದಲ್ಲಿ. ಮೈತುಂಬ ಕೂದಲಿನ ಟೈಗರನ್ನು ಚಿಕ್ಕಮ್ಮ ಹೆಮ್ಮೆಯಿಂದ ಕರೆದುಕೊಂಡು ಹೋದ ಮೊದಲ ದಿನ ನಾನೂ ಜೊತೆಗಿದ್ದೆ. ಜನ ಸೇರಿದರು. ಕಂಡಕ್ಟರು ಅಭ್ಯಾಸಬಲದಿಂದ ಒಂದು ಬೈಗೆ ಎತ್ತಿ ಎಸೆದರು. ಟೈಗರ್ ಹಿಡಿದ. ಚಿಕ್ಕಮ್ಮ ಹಾರಿ ಅವನ ಬಾಯಿಗೆ ಕೈ ಹಾಕಿ ಮೀನನ್ನು ಕಿತ್ತುಕೊಂಡಳು.

ಯೋಚಿಸಿ ನೋಡಿ. ಮೀನು ಮಾರುವವಳು ತನ್ನ ನಾಯಿಯ ಬಾಯಿಂದ ತನ್ನದೇ ಮೀನನ್ನು ಕಿತ್ತುಕೊಳ್ಳುತ್ತಿದ್ದಾಳೆ. ಚೀಲ ಬಿಡಿಸಿದವರೆಲ್ಲ ಮತ್ತೆ ಮಡಚಿದರು.

"ಎಂತ ಜಲಜಾ, ನಿನ್ನ ನಾಯಿಗೆ ಕೊಡುಕ್ ಆಗ್ದಿದ್ ಮೀನ್ ನಮ್ಗ್ ಮಾರ್ತ್ಯಾ? ಮದ್ದ್ ಗಿದ್ದ್ ಹಾಕಿದ್ಯಾ?" ಎಂದರು ಕಂಡಕ್ಟರು.

"ಮದ್ದೂ ಇಲ್ಲ ಗಿದ್ದೂ ಇಲ್ಲ. ಅದ್ಕ್ ಮೀನ್ ಆತಿಲ್ಲ. ಅಲರ್ಜಿ!"

ಎಲ್ಲರೂ ನಕ್ಕರು, ಆದರೆ ಯಾರೂ ಮುಂದೆ ಬರಲಿಲ್ಲ. ಚಿಕ್ಕಮ್ಮನ ಮುಖ ಕೆಂಪಾಯಿತು. ಸುಳ್ಳು ಹೇಳಿ ಪಾರಾಗಬಹುದಿತ್ತು, ಮೀನನ್ನು ಬಿಟ್ಟು ಸುಮ್ಮನಿರಲೂಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಟೈಗರನ್ನು ಎತ್ತಿ ಬುಟ್ಟಿಯ ಪಕ್ಕ ಅಂಗಾತ ಮಲಗಿಸಿದಳು.

"ಇಲ್ ಕಾಣಿ! ಹೊಟ್ಟಿ ಕಾಣಿ! ಮೀನ್ ಬಿಟ್ಟ್ ಮೇಲೆ ಬಂದ್ ಕೂದ್ಲ್ ಇದ್. ನಿಮ್ಗ್ ಮೀನ್ ಬ್ಯಾಡ್ದಿದ್ರೆ ಬ್ಯಾಡ. ನಾ ಮಾತ್ರ ಇಂವಂಗೆ ಇನ್ನ್ ತಿನ್ಸುದಿಲ್ಲೆ."

ಟೈಗರ್ ನಾಲ್ಕೂ ಕಾಲು ಮೇಲೆ ಮಾಡಿ, ಇಷ್ಟು ಜನ ತನ್ನ ಹೊಟ್ಟೆ ನೋಡುವುದು ಸಹಜವೇ ಎಂಬಂತೆ ಬಾಲ ಆಡಿಸಿದ. ಮೂಲೆಮನೆಯ ಗಿರಿಜಕ್ಕ ಬಗ್ಗಿ ಆ ಕೂದಲನ್ನು ಸವರಿ ನೋಡಿದರು.

"ನಮ್ಮನಿ ಪುಟ್ಟಿಗೂ ಚಟ್ಲಿ ಮೀನ್ ತಿಂದ್ರೆ ಹೀಂಗೇ ಮೈಯೆಲ್ಲ ಕೆರೂಕ್ ಸುರು. ಎಷ್ಟ್ ಹೇಳ್ರೂ ನೆಂಟ್ರ್ ಮನಿಯಂಗೆ ಒಂಚೂರ್ ತಿನ್ ಅಂತ್ರ್. ಜಲಜಾ, ನಂಗೊಂದ್ ಪಾಲ್ ಬೈಗೆ ಹಾಕ್."

ಅಷ್ಟೇ. ಕಂಡಕ್ಟರೂ ಗಂಟಲು ಸರಿಮಾಡಿಕೊಂಡು ಚೀಲ ಬಿಡಿಸಿದರು. ಆ ಹೊತ್ತಿನಲ್ಲಿ ಚಿಕ್ಕಮ್ಮನ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದರೆ, ನನಗೆ ಬೇಡದಿದ್ದರೂ ಒಂದು ಪಾಲು ಕೊಳ್ಳಲು ಸಾಲಿನಲ್ಲಿ ನಿಂತೆ. ಬೈಸಿಕೊಂಡೆ.

ಇವತ್ತು ಆ ವಾಸನೆ ಮೂಗಿಗೆ ಬಡಿದ ಮೇಲೆ ಅಂಗಡಿಯ ಕಡೆಗೆ ಸ್ಕೂಟರು ತಿರುಗಲೇ ಇಲ್ಲ, ಸೀದಾ ಚಿಕ್ಕಮ್ಮನ ಹತ್ತಿರ ಹೋದೆ. ಟೈಗರನ ಮೂತಿ ಬೆಳ್ಳಗಾಗಿದೆ, ಮೈ ಮಾತ್ರ ಮಿರಮಿರ. ಗೋಳಿಮರದ ಬುಡದಲ್ಲಿ ವ್ಯಾಪಾರ ಜೋರಾಗಿತ್ತು. ಕೇರಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಮೀನು ಕೊಂಡು, ಪ್ರೀತಿಯಿಂದ ಒಂದು ಬೈಗೆಯನ್ನು ಟೈಗರನತ್ತ ಚಾಚಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಕ್ಕ ಜಗಲಿಯಿಂದ, ರಿಕ್ಷಾದವ ರಸ್ತೆಯಿಂದ, ಎಲ್ಲರಿಗಿಂತ ಜೋರಾಗಿ ಕಂಡಕ್ಟರು ಅಂಗಳದಿಂದ ಕೂಗಿದರು.

"ಹ್ವಾಯ್! ಅದ್ಕ್ ಮೀನ್ ಹಾಕುಕಾಗ!"

ಹುಡುಗಿ ಬೆಚ್ಚಿ ಕೈ ಹಿಂದೆಳೆದುಕೊಂಡಳು, ಆಮೇಲೆ ನಕ್ಕಳು. ಟೈಗರ್ ಮೂರೂ ದಿಕ್ಕಿಗೆ ಒಮ್ಮೊಮ್ಮೆ ನೋಡಿ, ನಿಟ್ಟುಸಿರಿಟ್ಟು ಮಲಗಿದ. ನಾನು ಚಿಕ್ಕಮ್ಮನ ಕಡೆ ತಿರುಗಿದೆ. ಅವಳು ಯಾರಿಗೋ ಪಾಲು ಹಾಕುತ್ತಿದ್ದಳು, ತಲೆ ಎತ್ತಿಯೂ ನೋಡಿರಲಿಲ್ಲ.