ಇಲಿಮನೆಯ ಪುಟ್ಟಮಾದಮ್ಮ

ಹದಿನಾರು ಎಂಬ ಊರಿನ ಪುಟ್ಟಮಾದಮ್ಮ ತಾಂಡ್ಯ ಕೈಗಾರಿಕಾ ಪ್ರದೇಶದ ಔಷಧಿ ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದು ೧೯೯೮ರಲ್ಲಿ, ಗಂಡ ಬೆಟ್ಟಸ್ವಾಮಿ ಬಿಟ್ಟುಹೋದ ಮರುವರ್ಷ.

ಹೆತ್ತ ಮಗು ಹದಿನೆಂಟನೇ ದಿನಕ್ಕೆ ತೀರಿಕೊಂಡಾಗ ಅವಳು ಅನ್ನನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಮೈಸೂರಿನ ಡಾಕ್ಟರು ಕೊಟ್ಟ ಮಾತ್ರೆ ಅವಳನ್ನು ಎಬ್ಬಿಸಿ ಕೂರಿಸಿತು. ಆದರೆ ಗಂಡ ಹತ್ತಿರ ಬಂದರೆ ಮೈ ಕೊರಡಾಗುತ್ತಿತ್ತು. ವರ್ಷ ಕಾದವನು, "ನಿಂಗೆ ನನ್ ಮ್ಯಾಲೆ ಮನ್ಸೇ ಇಲ್ಲ" ಎಂದು ಟಿ. ನರಸೀಪುರ ಸೇರಿ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವನ ಮಾತು ನಿಜವಿದ್ದರೂ ಇರಬಹುದೆಂದು ಅವಳೂ ನಂಬಿದಳು.

ಇಲಿಗಳಿಗೆ ಕತ್ತಲಲ್ಲೇ ಚುರುಕು. ಹಾಗಾಗಿ ಆ ಕೋಣೆಯಲ್ಲಿ ಹಗಲೆಲ್ಲ ಮಂದ ಕೆಂಪು ದೀಪವಷ್ಟೇ. ಪಂಜರಗಳಿಗೆ ಭತ್ತದ ಹೊಟ್ಟು ಹಾಸುತ್ತ, ನೀರಿನ ಸೀಸೆ ತುಂಬುತ್ತ ಅವಳೊಬ್ಬಳೇ ಇರುತ್ತಿದ್ದಳು. ಮಧ್ಯಾಹ್ನ ಸಂಶೋಧಕಿ ಪವಿತ್ರ ಬಂದು ಗಂಡಿಲಿಯ ಪಂಜರಕ್ಕೆ ಹೆಣ್ಣಿಲಿ ಬಿಡುವರು. ಬೆದೆಯ ಹೆಣ್ಣು ಬೆನ್ನು ಬಾಗಿಸಿ ನಿಂತರೆ ಬರೆದುಕೊಳ್ಳುವರು.

ಒಂದು ದಿನ ಸೂಜಿ ಚುಚ್ಚಿಸಿಕೊಂಡ ಹೆಣ್ಣಿಲಿ ಗಂಡನ್ನು ಒದ್ದು ಮೂಲೆ ಸೇರಿತು.

"ನೆನ್ನೆ ಸರಿಯಾಗಿತ್ತಲ್ಲ ಮೇಡಂ? ಮುನಿಸ್ಕಂಡದಾ?"

"ಮುನಿಸಲ್ಲಮ್ಮ. ಮಿದುಳಲ್ಲಿ ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇರುತ್ತೆ. ಅದನ್ನ ಹಿಡ್ಕೊಳ್ಳೋ ಗ್ರಾಹಕಗಳು ಹಲವು ಥರ. ಈ ಮದ್ದು ಒಂದು ಥರದ್ದನ್ನ ಕೆಣಕಿ ಬಯಕೆ ಅಡಗಿಸುತ್ತೆ. ಖಿನ್ನತೆಗೆ ಕೊಡೋ ಕೆಲವು ಮಾತ್ರೆಯೂ ಸೆರೊಟೋನಿನ್ ಹೆಚ್ಚಿಸುತ್ತೆ. ಕೆಲವರಿಗೆ ಹಿಂಗೇ ಆಗುತ್ತೆ."

ಮರುದಿನ ಪುಟ್ಟಮಾದಮ್ಮ ಪೆಟ್ಟಿಗೆಯ ತಳದಲ್ಲಿದ್ದ ಖಾಲಿ ಮಾತ್ರೆಪಟ್ಟಿ ತಂದು ತೋರಿಸಿದಳು.

"ಹೌದು, ಇದೂ ಆ ಜಾತಿದೇ. ಯಾರದು?"

"ನಮ್ ಪೈಕಿಯೋರ್ದು."

ಭಾನುವಾರ ನರಸೀಪುರದ ಬಸ್ಸು ಹತ್ತಿದಳು. ಬೆಟ್ಟಸ್ವಾಮಿ ತನ್ನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗದ್ದುತ್ತಿದ್ದ. ಪಕ್ಕದಲ್ಲಿ ಹೆಣ್ಣುಕೂಸು ಆಡುತ್ತಿತ್ತು.

"ಅದು ಮಾತ್ರೆಯಿಂದ ಆಗಿದ್ದಿರಬೌದಂತೆ. ನಂಗೆ ಮನ್ಸಿತ್ತು ಕಣಾ," ಎಂದಳು.

ಅವನು ಕೈ ಒರೆಸಿಕೊಂಡ. "ಆಗ್ಲೇ ಯೋಳ್ಬಾರ್ದಿತ್ತಾ?"

"ಆಗ ನಂಗೂ ಗೊತ್ತಿರ್ನಿಲ್ಲ."

ಅಂಗಡಿಯ ಹಿಂದಿದ್ದ ಮನೆಯಿಂದ ಅವನ ಹೆಂಡತಿ ಊಟಕ್ಕೆ ಕೂಗಿದಳು. "ಉಣ್ಕಂಡೋಗು" ಎಂದ. ಬೇಡವೆಂದು ಕೂಸಿನ ತಲೆ ಸವರಿ ಬಸ್‌ಸ್ಟಾಂಡಿಗೆ ನಡೆದಳು.

ಮುಂದೆ ಹತ್ತು ವರ್ಷ ಆ ಇಲಿಮನೆಯಲ್ಲೇ ದುಡಿದಳು. ಗಂಡ ಬಿಟ್ಟುಹೋದ ಮೇಲೆ ಮಾತ್ರೆ ನಿಲ್ಲಿಸಿದ್ದಳು; ಕೆಲವು ತಿಂಗಳಿಗೇ ಅವಳ ಮೈ ತನ್ನಷ್ಟಕ್ಕೆ ಎಚ್ಚೆತ್ತಿತ್ತು. ಅದನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.